ಮಾತಾಡುವ ಕಂಪ್ಯೂಟರಿನ ಮೇಷ್ಟ್ರು

ಈ ವರ್ಷ ನಮ್ಮ ಕಾಲೇಜಿಗೆ ಹೊಸದಾಗಿ ಬಂದಿರುವ ಅರ್ಥಶಾಸ್ತ್ರದ ಯುವ ಅಧ್ಯಾಪಕರೊಬ್ಬರು ಮೊನ್ನೆ ಲ್ಯಾಬಿಗೆ ಬಂದು ನನ್ನ ಮುಂದೆ ಗೊಣಗಿದರು.

"ಏನ್ ಮೇಡಂ ಇದು, ನೋಟ್ಸು ಫೋಟೋ ತೆಗೆದು ಹಾಕೋಣ ಅಂದ್ರೆ ಈ ಕಾಲೇಜಿನ ಕೋರ್ಸ್ ಪೇಜು ತಗೊಳ್ಳೋದೇ ಇಲ್ಲ. ಟೈಪ್ ಮಾಡಿ ಹಾಕಿ ಅಂತ ವಾಪಸ್ ತಳ್ಳತ್ತೆ. ನಾನು ಮೊದಲಿದ್ದ ಕಾಲೇಜಲ್ಲಿ ಈ ಕಾಟ ಇರಲಿಲ್ಲ."

"ಇಲ್ಲಿದೆ," ಅಂದೆ.

"ಯಾರು ಮಾಡಿದ ರೂಲ್ಸು?"

ಹೆಸರು ಹೇಳಿದೆ. ಅವರಿಗೆ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ? ಮೇಷ್ಟ್ರು ನಿವೃತ್ತರಾಗಿ ಮೂರು ವರ್ಷವಾಯಿತು, ತೀರಿಕೊಂಡು ಈ ಶ್ರಾವಣಕ್ಕೆ ಒಂದು ವರ್ಷ. "ಇತಿಹಾಸದ ಮೇಷ್ಟ್ರೊಬ್ಬರಿದ್ರು. ಅವರಿಗೆ ಕಣ್ಣು ಕಾಣ್ತಿರಲಿಲ್ಲ," ಎಂದೆ. ಯುವಕರ ಮುಖ ಮೆತ್ತಗಾಯಿತು. "ಓ, ಪಾಪ," ಅಂದರು.

ಆ ‘ಪಾಪ’ ಮೇಷ್ಟ್ರ ಕಿವಿಗೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಊಹಿಸಿಕೊಂಡು ನನಗೆ ನಗು ಬಂತು. ನಗು ಬಂದ ಮೇಲೆ ಸಂಕಟವೂ ಆಯಿತು. ಮೇಷ್ಟ್ರನ್ನು ಬಲ್ಲವರು ಕಾಲೇಜಿನಲ್ಲಿ ಈಗ ನಾಲ್ಕಾರು ಮಂದಿ ಉಳಿದಿದ್ದೇವೆ. ನಾವೂ ಒಬ್ಬೊಬ್ಬರಾಗಿ ವರ್ಗವಾಗಿ ಹೋಗುತ್ತೇವೆ. ಅದಕ್ಕೇ ಬರೆದಿಡೋಣ ಎನ್ನಿಸಿತು.

ನಾನು ಕಂಪ್ಯೂಟರ್ ಪಾಠ ಹೇಳುವವಳು. ಲ್ಯಾಬಿನ ಉಸ್ತುವಾರಿಯೂ ನನ್ನದೇ. ನಮ್ಮ ಕಾಲೇಜಿರುವುದು ಮೈಸೂರಿನ ಬೋಗಾದಿ ಕಡೆ. ಸುತ್ತಲ ಹಳ್ಳಿಗಳಿಂದ ಬಂದು, ಅಲ್ಲೇ ಹೊಸ ಬಡಾವಣೆಗಳ ಮಹಡಿ ಮೇಲಿನ ರೂಮುಗಳಲ್ಲಿ ಮೂವರು ನಾಲ್ವರು ಸೇರಿಕೊಂಡು ಓದುವ ಮಕ್ಕಳೇ ಹೆಚ್ಚು. ಸ್ವಂತ ಕಂಪ್ಯೂಟರ್ ಇರುವವರು ಕಡಿಮೆ. ಅರ್ಜಿ ಹಾಕುವುದರಿಂದ ಹಿಡಿದು ಪ್ರಾಜೆಕ್ಟ್ ಬರೆಯುವವರೆಗೆ ಎಲ್ಲಕ್ಕೂ ಲ್ಯಾಬೇ ಗತಿ.

ಒಂದು ದಿನ ಬಾಗಿಲಲ್ಲಿ ಬಿಳಿ ಕೋಲು ಕಾಣಿಸಿತು. ಅದರ ಹಿಂದೆ ಕಡು ನೀಲಿ ಅಂಗಿ, ಖಡಕ್ಕಾಗಿ ಇಸ್ತ್ರಿ ಮಾಡಿದ ಕಾಲರು, ಐವತ್ತರ ಆಸುಪಾಸಿನ ಒಬ್ಬ ವ್ಯಕ್ತಿ. ಇತಿಹಾಸಕ್ಕೆ ವರ್ಗವಾಗಿ ಬಂದವರು ಎಂದು ಕೇಳಿದ್ದೆ, ನೋಡಿರಲಿಲ್ಲ.

"ಲ್ಯಾಬ್ ಮೇಡಂ ಇದ್ದೀರಾ?"

"ನಾನೇ ಸರ್. ಬನ್ನಿ, ಕೂತ್ಕೊಳ್ಳಿ."

"ಕೂರೋದು ಆಮೇಲೆ. ನನಗೊಂದು ಕಂಪ್ಯೂಟರು ಬೇಕು. ಮೂಲೆಯಲ್ಲಿ ಕೆಟ್ಟು ಕೂತಿರೋದು ಮಾತ್ರ ಕೊಡಬೇಡಿ. ಹಿಂದಿನ ಕಾಲೇಜಲ್ಲಿ, ನಿಮಗೆ ಹೇಗೂ ಕಾಣಲ್ಲವಲ್ಲ ಅಂತ ಮಾನಿಟರ್ ಹೋಗಿರೋದು ಕೊಟ್ಟಿದ್ರು."

"ಮಾನಿಟರ್ ಹೋಗಿದ್ರೆ ನಿಮಗೇನು ಸರ್ ತೊಂದರೆ?" ಎಂದು ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ.

"ನನಗೇನೂ ಇಲ್ಲ. ಕೆಟ್ಟಾಗ ರಿಪೇರಿಗೆ ಬರೋ ನಿಮಗೆ ಕಾಣಬೇಕಲ್ಲ ಮೇಡಂ?"

ಕಿಟಕಿ ಪಕ್ಕದ ಮಿಷನ್ನು ಅವರದಾಯಿತು. ಅಲ್ಲಿ ಗಾಳಿ ಬರುತ್ತದೆ ಎಂಬುದೇ ಅವರ ಕಾರಣ. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದಿದೆ. ಅದನ್ನು ಅವರೇ ಪೆನ್‌ಡ್ರೈವಿನಲ್ಲಿ ತಂದಿದ್ದರು. ಹಾಕಿಕೊಟ್ಟೆ. ಕನ್ನಡವನ್ನು ಅದು ಏರಿಳಿತವೇ ಇಲ್ಲದೆ, ಗಂಟಲು ಕಟ್ಟಿದವನ ಹಾಗೆ ಓದುತ್ತಿತ್ತು. ಮೇಷ್ಟ್ರು ಅದಕ್ಕೆ ಶಾನುಭೋಗ ಎಂದು ಹೆಸರಿಟ್ಟಿದ್ದರು. "ನಮ್ಮೂರ ಶಾನುಭೋಗ್ರು ಹಿಂಗೇ ಓದ್ತಿದ್ರು ಮೇಡಂ. ಕಂದಾಯ ಏರಿದ್ರೂ ಅದೇ ರಾಗ, ಇಳಿದ್ರೂ ಅದೇ ರಾಗ."

ಮೇಷ್ಟ್ರ ಊರು ಬನ್ನೂರಿನ ಕಡೆಯ ಒಂದು ಹಳ್ಳಿ. ಗದ್ದೆ ಮಾಡುವ ಮನೆತನ. ಹತ್ತನೇ ವಯಸ್ಸಿನಲ್ಲಿ ಒಂದು ಜ್ವರ ಬಂದು ಕಣ್ಣು ಹೋಯಿತು. ಅಲ್ಲಿಯವರೆಗೆ ನೋಡಿದ್ದೆಲ್ಲ ಅವರಿಗೆ ನೆನಪಿತ್ತು. ಬಣ್ಣಗಳ ವಿಷಯದಲ್ಲಿ ಭಾರಿ ಹಟ. ಅಂಗಿ ಕೊಳ್ಳಲು ಹೋದಾಗ ಹೆಂಡತಿ ‘ಹಸಿರು’ ಎಂದರೆ ಸಾಲದು. ಯಾವ ಹಸಿರು? ನಾಟಿ ಮಾಡಿದ ವಾರದ್ದಾ, ತೆನೆ ಬರುವಾಗಿನದ್ದಾ? ಅಂಗಡಿಯವನು ತಬ್ಬಿಬ್ಬಾಗುತ್ತಿದ್ದ.

ಕಣ್ಣು ಕಾಣದವರಿಗೆ ಏನೋ ವಿಶೇಷ ಶಕ್ತಿ ಇರುತ್ತದೆ ಎಂದು ನಂಬಿದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರೋ ಒಬ್ಬರು ಭುಜ ಮುಟ್ಟಿ, "ಸರ್, ನಾನು ಯಾರು ಹೇಳಿ ನೋಡೋಣ?" ಎಂದು ಕೇಳಿದ್ದರು. "ನಿಮಗೇ ಗೊತ್ತಿಲ್ಲದ ಮೇಲೆ ನನಗೆ ಹೆಂಗೆ ಗೊತ್ತಾಗಬೇಕು?" ಎಂದರು ಮೇಷ್ಟ್ರು. ಕೇಳಿದವರು ಒಂದು ತಿಂಗಳು ಅವರ ಕಡೆ ಸುಳಿಯಲಿಲ್ಲ.

ಇನ್ನೊಮ್ಮೆ ನಾವೆಲ್ಲ ಹೋಟೆಲಿಗೆ ಹೋಗಿದ್ದೆವು. ಸಪ್ಲೈಯರ್ ನನ್ನ ಕಡೆ ತಿರುಗಿ, "ಸಾರ್‌ಗೆ ಏನ್ ಬೇಕಂತೆ ಮೇಡಂ?" ಅಂದ. ಮೇಷ್ಟ್ರು ತಲೆಯೆತ್ತಿ, "ಸಾರ್‌ಗೆ ಮಸಾಲೆ ದೋಸೆ ಬೇಕಂತೆ ಕಣಪ್ಪ. ಮೇಡಂಗೆ ಏನು ಬೇಕು ಅಂತ ನನ್ನ ಕೇಳು, ಹೇಳ್ತೀನಿ," ಎಂದರು. ಹುಡುಗ ನಕ್ಕುಬಿಟ್ಟ. ಆಮೇಲೆ ಆ ಹೋಟೆಲಿಗೆ ಹೋದಾಗಲೆಲ್ಲ ಅವರನ್ನೇ ನೇರವಾಗಿ ಮಾತಾಡಿಸುತ್ತಿದ್ದ.

ಸುಲಭದ ಮನುಷ್ಯರಲ್ಲ. ಎದುರಿಗಿದ್ದವರ ಮಾತು ಮುಗಿಯಲು ಬಿಡುತ್ತಿರಲಿಲ್ಲ. ಮೆಚ್ಚುಗೆಯ ಮಾತಂತೂ ಅವರ ಬಾಯಲ್ಲಿ ಅಪರೂಪ. ಒಮ್ಮೆ ನಾನು ಲ್ಯಾಬಿನ ಕಂಪ್ಯೂಟರುಗಳಿಗೆಲ್ಲ ಹೊಸ ತಂತ್ರಾಂಶ ಹಾಕಿದಾಗ ಶಾನುಭೋಗನ ದನಿ ನಿಂತುಹೋಯಿತು. ಬಂದು ಕೂತರು, ಕೀಲಿಗಳನ್ನು ಒತ್ತಿದರು, ಎದ್ದು ಹೋದರು. ಒಂದು ವಾರ ಲ್ಯಾಬಿಗೆ ಬರಲಿಲ್ಲ. ಸರಿ ಮಾಡಿದ್ದೇನೆ ಎಂದು ಹೇಳಿಕಳಿಸಿದೆ. ಬಂದವರು ಕುರ್ಚಿ ಎಳೆದುಕೊಳ್ಳುತ್ತಾ, "ಮನೆಗೆ ಬೀಗ ಹಾಕ್ಕೊಂಡು ಹೋಗೋವಾಗ ಒಳಗೆ ಯಾರಿದ್ದಾರೆ ಅಂತ ಒಂದು ಸಲ ಕೂಗಬೇಕು ಮೇಡಂ," ಎಂದರು. ಅಷ್ಟೇ. ಮತ್ತೆ ಆ ಸುದ್ದಿ ಎತ್ತಲಿಲ್ಲ.

ಆಗ ನಾವು ಲ್ಯಾಬಿನ ಪಾಸ್‌ವರ್ಡನ್ನು ಪ್ರತಿ ಸೋಮವಾರ ಬದಲಾಯಿಸಿ, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆವು. ಅದನ್ನು ತಿಳಿದ ದಿನ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಗುಟ್ಟು ಅಂತೀರಿ, ಬೋರ್ಡ್ ಮೇಲೆ ಬರೀತೀರಿ. ಇಡೀ ಕಾಲೇಜಲ್ಲಿ ಅದು ಗುಟ್ಟಾಗಿ ಉಳಿದಿರೋದು ನನ್ನೊಬ್ಬನಿಗೇ ಕಣ್ರೀ!" ಮೊದಲ ವರ್ಷವೆಲ್ಲ ನನ್ನನ್ನು ‘ಮೇಡಂ, ನೀವು’ ಎನ್ನುತ್ತಿದ್ದರು. ಹೀಗೆ ನಗುವುದು ಹೆಚ್ಚಾದ ಮೇಲೆ ‘ನೀನು, ಕಣಮ್ಮ’ ಆಯಿತು. ನನಗೂ ಹಾಗೇ ಇಷ್ಟವಾಗಿತ್ತು.

ಕೊರೊನಾ ಬಂದಿತು. ಕಾಲೇಜು ಮುಚ್ಚಿತು. ಪಾಠವೆಲ್ಲ ಫೋನಿಗೆ ಹೋಯಿತು. ಒಂದು ಕಂಪನಿಯವರಿಂದ ತರಾತುರಿಯಲ್ಲಿ ಕೋರ್ಸ್ ಪೇಜು ಮಾಡಿಸಲಾಯಿತು. ಅಧ್ಯಾಪಕರು ನೋಟ್ಸನ್ನು ಅಲ್ಲಿ ಹಾಕುವುದು, ಮಕ್ಕಳು ತಮ್ಮ ನಂಬರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ ಓದಿಕೊಳ್ಳುವುದು, ಉತ್ತರ ಬರೆದು ಅಲ್ಲಿಗೇ ಕಳಿಸುವುದು. ಯಾರು ಎಷ್ಟು ಸಲ ಬಂದರು ಎಂಬುದನ್ನು ಪೇಜು ತಾನೇ ಬರೆದಿಟ್ಟುಕೊಳ್ಳುತ್ತಿತ್ತು. ಅದನ್ನೇ ಹಾಜರಿ ಎಂದು ಲೆಕ್ಕಕ್ಕೆ ಹಿಡಿದರು.

ಕೆಲವು ತಿಂಗಳ ಮೇಲೆ ಅಧ್ಯಾಪಕರು ಮಾತ್ರ ಮಾಸ್ಕು ಹಾಕಿಕೊಂಡು ಕಾಲೇಜಿಗೆ ಬರತೊಡಗಿದೆವು. ಆಗಿನ ಒಂದು ಮೀಟಿಂಗಿನಲ್ಲಿ ಪ್ರಿನ್ಸಿಪಾಲರು, ಕೋರ್ಸ್ ಪೇಜಿಗೆ ಒಮ್ಮೆಯೂ ಬಾರದ ಮಕ್ಕಳ ಹೆಸರುಗಳನ್ನು ಓದಿದರು. ಇವರಿಗೆ ಇಂಟರ್ನಲ್ ಮಾರ್ಕ್ಸ್ ಕೊಡಲು ಬರುವುದಿಲ್ಲ, ಪರೀಕ್ಷೆಗೂ ಕೂರಿಸಲಾಗುವುದಿಲ್ಲ ಎಂದರು. ಆ ಹೆಸರುಗಳಲ್ಲಿ ಭಾಗ್ಯ ಎಂಬುದೂ ಒಂದು.

"ಯಾವ ಭಾಗ್ಯ?" ಎಂದರು ಮೇಷ್ಟ್ರು. "ಮೊದಲ ಬಿ.ಎ. ಭಾಗ್ಯಾನಾ? ನನ್ನ ಥರದವಳು?"

ಹೌದು, ಅವಳೇ. ಹುಟ್ಟಿನಿಂದ ಕಣ್ಣು ಕಾಣದ ಹುಡುಗಿ. ಕಾಲೇಜು ಮುಚ್ಚುವ ಮುಂಚೆ ಕೆಲವೇ ತಿಂಗಳು ತರಗತಿಗೆ ಬಂದಿದ್ದಳು. ಮೇಟಗಳ್ಳಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದವಳು.

ಮೀಟಿಂಗ್ ಮುಗಿದದ್ದೇ ಮೇಷ್ಟ್ರು ಲ್ಯಾಬಿಗೆ ಬಂದು ಅವಳಿಗೆ ಫೋನ್ ಹಚ್ಚಿದರು. ನನಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದರು.

"ಯಾಕಮ್ಮ, ಒಂದು ಸಲಾನೂ ಪೇಜಿಗೆ ಬಂದಿಲ್ಲವಂತೆ?"

ಆ ಕಡೆಯಿಂದ ಸಣ್ಣ ದನಿ: "ಬಾಗ್ಲೇ ತೆಗಿಯಾಕಿಲ್ಲ ಸಾರ್ ಅದು."

"ಎಂಥ ಬಾಗ್ಲು?"

"ನಂಬ್ರ ಒತ್ತಿದ ಮ್ಯಾಕೆ, ನೀವು ಮನುಷ್ಯರೇ ಅಂತ ಸಾಬೀತು ಮಾಡಿ ಅಂತದೆ. ಚಿತ್ರದಾಗೆ ಕಾಣೋ ಅಕ್ಷರ ಒತ್ತಿ ಅಂತದೆ. ನಂಗೆಲ್ಲಿ ಕಾಣ್ತದೆ ಸಾರ್? ನಮ್ಮತ್ತೆ ಮಗನ್ನ ಕರೀತಿದ್ದೆ. ಒಂದೆರಡು ಸತಿ ಬಂದ. ಅವನು ಓದಿ ಯೋಳಿ ನಾನು ಒತ್ತೋ ಅಷ್ಟೊತ್ಗೆ ಟೈಮು ಆಗೋಯ್ತದೆ. ಆಮ್ಯಾಕೆ ಅವನೂ ಬೇಜಾರ್ ಮಾಡ್ಕಂಡ. ಎಷ್ಟು ಸತಿ ಅಂತ ಕೇಳ್ಲಿ? ಅವರ ಮನೇಲಿ ಇರೋಳು ನಾನು."

"ನನಗೆ ಯಾಕೆ ಹೇಳಲಿಲ್ಲ?"

"ಎಲ್ರಿಗೂ ಬತ್ತದೆ, ನಂಗೊಬ್ಳಿಗೇ ಬರಾಕಿಲ್ಲ ಅಂದ್ಕಂಡೆ ಸಾರ್. ಬುಡಿ, ಊರ್ಗೇ ಒಂಟೋಯ್ತೀನಿ ಅಂತ ಅತ್ತೆಗೂ ಯೋಳಿದೀನಿ."

ಮೇಷ್ಟ್ರು, "ಎಲ್ಲೂ ಹೋಗಬೇಡ. ನಾನು ಹೇಳೋವರೆಗೂ ಎಲ್ಲೂ ಹೋಗಬೇಡ," ಎಂದು ಫೋನಿಟ್ಟರು. ಮೇಷ್ಟ್ರು ಸ್ವತಃ ಅಧ್ಯಾಪಕರ ಕಡೆಯ ಬಾಗಿಲಿನಿಂದ ಹೋಗುತ್ತಿದ್ದವರು. ಅಲ್ಲಿ ಆ ತಿರುಚಿದ ಅಕ್ಷರಗಳ ಚಿತ್ರ ಇರಲಿಲ್ಲ. ನನ್ನ ಕಡೆ ತಿರುಗಿದರು.

"ಕಾಣದೋಳು ಮನುಷ್ಯಳೇ ಅಲ್ಲ ಅಂತಿದೆಯಲ್ಲಮ್ಮ ನಿನ್ನ ಮಿಷನ್ನು?"

ಅವತ್ತು ಸಂಜೆಯೊಳಗೆ ಕಂಪನಿಯವರ ಬೆನ್ನು ಬಿದ್ದು ಆ ಚಿತ್ರ ತೆಗೆಸಿದೆ. ಸಾಧಿಸಿದೆ ಎಂಬ ಹುಮ್ಮಸ್ಸಿನಲ್ಲಿ ಮೇಷ್ಟ್ರಿಗೆ ಫೋನ್ ಮಾಡಿದರೆ, "ಬಾಗಿಲು ತೆಗೆದೆ, ಸರಿ. ಒಳಗೆ ಏನಿದೆ ನೋಡೋಣ ತಡಿ," ಎಂದರು. ಮಾರನೆಯ ದಿನ ಭಾಗ್ಯಳ ನಂಬರಿನಿಂದಲೇ ಒಳಗೆ ಹೋಗಿ, ಶಾನುಭೋಗನನ್ನು ಮುಂದೆ ಬಿಟ್ಟುಕೊಂಡು ಎಲ್ಲ ವಿಷಯಗಳ ನೋಟ್ಸನ್ನೂ ತೆಗೆದು ಕೇಳಿದರು. ಮಧ್ಯಾಹ್ನದ ಊಟವನ್ನೂ ಬಿಟ್ಟಿದ್ದರು. ಆಮೇಲೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಮುಂದಿನ ಮೀಟಿಂಗಿನಲ್ಲಿ ನನಗೆ ಹತ್ತು ನಿಮಿಷ ಬೇಕು ಎಂದು ಕೇಳಿಕೊಂಡು ಬಂದರು.

ಆ ಹತ್ತು ನಿಮಿಷ ನಮ್ಮಲ್ಲಿ ಯಾರೂ ಮರೆತಿಲ್ಲ. ಸಭಾಂಗಣದಲ್ಲಿ ಲ್ಯಾಪ್‌ಟಾಪಿಗೆ ದೊಡ್ಡ ಸ್ಪೀಕರು ಜೋಡಿಸಿಕೊಟ್ಟೆ. ಮೇಷ್ಟ್ರು ಪೀಠಿಕೆ ಹಾಕಲಿಲ್ಲ. "ಮೊದಲ ಬಿ.ಎ. ವಿದ್ಯಾರ್ಥಿನಿ ಒಬ್ಬಳು ಓದೋಕೆ ಕೂತಿದ್ದಾಳೆ. ಅವಳಿಗೆ ಏನು ಕೇಳತ್ತೋ ಅದನ್ನ ನೀವೂ ಕೇಳಿ," ಎಂದು ಕೀಲಿ ಒತ್ತಿದರು.

ಅರ್ಥಶಾಸ್ತ್ರ, ಒಂದನೇ ಘಟಕ. ಶಾನುಭೋಗ ಶುರು ಮಾಡಿದ: "ಚಿತ್ರ. ಚಿತ್ರ. ಚಿತ್ರ. ಚಿತ್ರ." ಸಮಾಜಶಾಸ್ತ್ರ. "ಚಿತ್ರ. ಚಿತ್ರ." ರಾಜ್ಯಶಾಸ್ತ್ರದವರು ಸ್ಕ್ಯಾನ್ ಮಾಡಿ ಹಾಕಿದ್ದರು. "ಖಾಲಿ ಪುಟ. ಖಾಲಿ ಪುಟ. ಖಾಲಿ ಪುಟ." ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕೊನೆಯದು ಕನ್ನಡ. ಅದು ಟೈಪ್ ಮಾಡಿದ್ದೇ, ಆದರೆ ಹಳೆಯ ಕಾಲದ ಫಾಂಟಿನಲ್ಲಿ. ಕಣ್ಣಿಗೆ ಮುದ್ದಾದ ಕನ್ನಡ ಅಕ್ಷರ. ಕಂಪ್ಯೂಟರಿನ ಒಳಗೆ ಮಾತ್ರ ಅದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಕಲಸುಮೇಲೋಗರ. ಶಾನುಭೋಗ ಒಂದೇ ರಾಗದಲ್ಲಿ ಬಡಬಡಿಸತೊಡಗಿದ: "ಪಿ ಕ್ಯೂ ಡಾಲರ್ ಎ ಎ ಸ್ಲ್ಯಾಷ್ ವೈ ಪ್ರಶ್ನಾರ್ಥಕ ಚಿಹ್ನೆ..." ಎಲ್ಲರೂ ನಕ್ಕರು. ಮೇಷ್ಟ್ರು ನಿಲ್ಲಿಸಲಿಲ್ಲ. ಅದು ಓದುತ್ತಲೇ ಹೋಯಿತು. ನಗು ಕಡಿಮೆಯಾಯಿತು. ಆಮೇಲೆ ಪೂರ್ತಿ ನಿಂತಿತು. ಸಭಾಂಗಣದಲ್ಲಿ ಆ ದನಿಯೊಂದೇ ಉಳಿಯಿತು. ಆಗ ಮೇಷ್ಟ್ರು ಕೀಲಿ ಒತ್ತಿ ನಿಲ್ಲಿಸಿ, "ಇದಿಷ್ಟನ್ನೂ ಓದಿಕೊಂಡು ಅವಳು ಪರೀಕ್ಷೆ ಬರೀಬೇಕು," ಎಂದು ಕೂತರು.

ಮೊದಲು ಎದ್ದು ನಿಂತವರು ಕನ್ನಡದ ಹಿರಿಯ ಅಧ್ಯಾಪಕರು. ಅವರನ್ನು ನಾವೆಲ್ಲ ಪಂಡಿತರು ಎಂದೇ ಕರೆಯುತ್ತಿದ್ದೆವು. ಮುಖ ಕೆಂಪಾಗಿತ್ತು.

"ಆ ನೋಟ್ಸು ನನ್ನ ವರ್ಷಗಟ್ಟಲೆಯ ಕೆಲಸ. ಒಂದೊಂದು ಅಕ್ಷರ ನಾನೇ ಕೂತು ಒತ್ತಿದ್ದು. ಅದನ್ನ ಸ್ಪೀಕರಲ್ಲಿ ಹಾಕಿ ನಗೆಪಾಟಲು ಮಾಡಿದ್ರಿ. ಒಬ್ಬ ವಿದ್ಯಾರ್ಥಿನಿಗೋಸ್ಕರ ಎಲ್ಲಾನೂ ಮತ್ತೆ ಟೈಪ್ ಮಾಡು ಅಂತೀರಾ? ನನ್ನ ಕೈಲಾಗಲ್ಲ."

ಪ್ರಿನ್ಸಿಪಾಲರು ನಡುವೆ ಬಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಒಂದು ಕೆಲಸ ಮಾಡೋಣ. ಆ ಹುಡುಗಿಯ ಕ್ಲಾಸ್‌ಮೇಟ್ಸ್ ಯಾರಾದ್ರೂ ದಿನಾ ಫೋನಲ್ಲಿ ಓದಿ ಹೇಳಲಿ. ಹುಡುಗೀರು ಒಪ್ತಾರೆ, ಒಳ್ಳೆಯವರಿದ್ದಾರೆ."

"ಬೇಡ ಸರ್," ಎಂದರು ಮೇಷ್ಟ್ರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮೀಟಿಂಗು ಯಾವ ತೀರ್ಮಾನವೂ ಇಲ್ಲದೆ ಮುಗಿಯಿತು.

ಕಾಲೇಜಿನ ಮುಂದಿನ ಕಾಫಿ ಅಂಗಡಿ ಆಗಷ್ಟೇ ಮತ್ತೆ ತೆರೆದಿತ್ತು. ಹೊಂಗೆ ಮರದ ಕೆಳಗೆ ಲೋಟ ಹಿಡಿದು ನಿಂತಾಗ ಕೇಳಿದೆ, "ಯಾಕೆ ಸರ್ ಬೇಡ ಅಂದ್ರಿ? ಸದ್ಯಕ್ಕೆ ಅದಾದ್ರೂ ಆಗ್ತಿತ್ತಲ್ಲ."

ಕಾಫಿ ಊದಿ ಒಂದು ಗುಟುಕು ಕುಡಿದರು. ಆಮೇಲೆ ಹೇಳಿದರು.

"ನಾನು ಓದಿದ್ದು ಹಂಗೇ ಕಣಮ್ಮ. ಹಾಸ್ಟೆಲಲ್ಲಿ ರೂಮಿನ ಹುಡುಗರು ಓದಿ ಹೇಳೋರು. ಕೆಟ್ಟೋರಲ್ಲ, ಬಂಗಾರದಂಥವರು. ಆದರೆ ಅವರಿಗೆ ಮನಸ್ಸಿರಬೇಕಲ್ಲ? ಅವರ ಮನಸ್ಸು ಸರಿಯಾಗಿ ಇಟ್ಟಿರೋದೇ ನನ್ನ ಕೆಲಸ ಆಗಿತ್ತು. ಓದಿಸ್ಕೊಳ್ಳೋಕೆ ಎಷ್ಟು ಜನರ ಕೆಟ್ಟ ಜೋಕಿಗೆ ನಕ್ಕಿದ್ದೀನಿ ಗೊತ್ತಾ? ಒಬ್ಬನಿಗೆ ಒಬ್ಬ ಹೀರೋ ಅಂದ್ರೆ ಪ್ರಾಣ. ಆ ಹೀರೋ ನನಗೂ ಪ್ರಾಣ ಅಂತಿದ್ದೆ. ಜಗಳ ಆಡಿದ್ರೆ ಒಂದು ಅಧ್ಯಾಯ ಹೋಗೋದು. ಹಂಗಾಗಿ ಇಪ್ಪತ್ತೈದು ವರ್ಷ ತುಂಬೋವರೆಗೂ ನಾನು ಯಾರ ಹತ್ರಾನೂ ಜಗಳ ಆಡಿಲ್ಲ. ಕೆಲಸ ಸಿಕ್ಕಿ, ಕಂಪ್ಯೂಟರ್ ಬಂದ ಮೇಲೆ ಹಳೇದೆಲ್ಲ ಸೇರಿಸಿ ಆಡ್ತಾ ಇದ್ದೀನಿ."

ನಾನು ನಕ್ಕೆ. ಅವರು ನಗಲಿಲ್ಲ.

"ಫೋನಲ್ಲಿ ಆ ಹುಡುಗಿ ದನಿ ಕೇಳಿದೆಯಾ? ಎಷ್ಟು ನಯ! ಹದಿನೆಂಟು ವರ್ಷದ ಹುಡುಗಿ ಅಷ್ಟು ನಯವಾಗಿ ಮಾತಾಡಬಾರದು ಕಣಮ್ಮ. ಮನೇಲಿ ಅತ್ತೆ, ಅತ್ತೆ ಮಗ, ಇಲ್ಲಿ ಕ್ಲಾಸಿನ ಹುಡುಗೀರು. ಎಲ್ಲರ ಮನಸ್ಸೂ ಕಾಯ್ಕೊಂಡು ಎಷ್ಟು ವರ್ಷ ಇರ್ತಾಳೆ? ಅವಳಿಗೂ ಒಂದಿನ ಯಾರ ಮೇಲಾದ್ರೂ ಸಿಡುಕಬೇಕು ಅನ್ನಿಸಿದ್ರೆ ಸಿಡುಕೋ ಹಂಗಿರಬೇಕು. ಅದಕ್ಕೇ ಬೇಡ ಅಂದೆ."

ಅಲ್ಲಿಯವರೆಗೆ ಅವರ ಜಗಳಗಂಟ ಸ್ವಭಾವವನ್ನು ನಾನು ಒಂದು ದೋಷ ಎಂದು ಸಹಿಸಿಕೊಂಡಿದ್ದೆ. ಅವತ್ತಿನಿಂದ ಅವರು ಯಾರ ಮೇಲಾದರೂ ರೇಗಿದರೆ ನನಗೆ ಒಳಗೊಳಗೇ ಒಂದು ಥರ ಸಮಾಧಾನವಾಗುತ್ತಿತ್ತು.

ಫೋಟೋ ಹಾಕಿದ್ದ ಅಧ್ಯಾಪಕರಲ್ಲಿ ಬಹಳಷ್ಟು ಜನ ಎರಡು ವಾರದೊಳಗೆ ಟೈಪ್ ಮಾಡಿ ಕೊಟ್ಟರು. ಉಳಿದದ್ದು ಕನ್ನಡ. ಹಳೆಯ ಫಾಂಟಿನಿಂದ ಈಗಿನ ಯೂನಿಕೋಡಿಗೆ ಬದಲಾಯಿಸುವ ತಂತ್ರಾಂಶ ಸಿಗುತ್ತದೆ. ಅದರಲ್ಲಿ ಪಂಡಿತರ ನೋಟ್ಸಿನ ಮೊದಲ ಅಧ್ಯಾಯ ಹಾಕಿ ನೋಡಿದೆ. ಬಂತು. ಪಂಡಿತರಿಗೂ ಒಂದು ಪ್ರತಿ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನು.

"ಏನ್ ಮೇಡಂ ಇದು? ಧರ್ಮಾನ ‘ಧಮರ್’ ಮಾಡಿಟ್ಟಿದ್ದೀರಿ! ಕರ್ಣ ‘ಕಣರ್’ ಆಗಿದ್ದಾನೆ! ನನ್ನ ಹೆಸರಿನ ಕೆಳಗೆ ಇದು ಮಕ್ಕಳ ಕೈಗೆ ಹೋಗಬೇಕಾ?"

"ಅರ್ಕಾವತ್ತು ಅದಲುಬದಲಾಗತ್ತೆ ಸರ್. ಯಾರಾದ್ರೂ ಕೂತು ತಿದ್ದಬೇಕು."

"ಯಾರಾದ್ರೂ ಅಂದ್ರೆ? ಯಾರ್ಯಾರೋ ನನ್ನ ಬರಹ ತಿದ್ದೋದಾ? ಕೈ ಇಡಬೇಡಿ. ನಾನೇ ಬರ್ತೀನಿ."

ಮಾರನೆಯ ಬೆಳಿಗ್ಗೆ ಪಂಡಿತರ ಸ್ಕೂಟರು ಲ್ಯಾಬಿನ ಮುಂದೆ ನಿಂತಿತ್ತು. ಒಳಗೆ ಬಂದವರು ಕಿಟಕಿ ಪಕ್ಕ ಕೂತಿದ್ದ ಮೇಷ್ಟ್ರನ್ನು ಮಾತಾಡಿಸದೆ, ದೂರದ ಒಂದು ಕುರ್ಚಿಯಲ್ಲಿ ಕೂತು ತಿದ್ದತೊಡಗಿದರು. ಮೇಷ್ಟ್ರೂ ಮಾತಾಡಿಸಲಿಲ್ಲ. ಎರಡು ದಿನ ಹೀಗೇ ನಡೆಯಿತು. ಮೂರನೆಯ ದಿನ ಪಂಡಿತರು ತಿದ್ದಿ ಮುಗಿಸಿದ ಅಧ್ಯಾಯವನ್ನು ಮೇಷ್ಟ್ರು ಶಾನುಭೋಗನ ಕೈಲಿ ಓದಿಸಿ ಕೇಳುತ್ತಿದ್ದರು. ತಟ್ಟನೆ ನಿಲ್ಲಿಸಿ, "ಪಂಡಿತರೇ, ಇಲ್ಲೊಂದು ‘ಸಾಹಿತ್ಯ’ದ ಒತ್ತು ಬಿದ್ದುಹೋಗಿದೆ," ಎಂದರು.

"ಇರಲಿಕ್ಕಿಲ್ಲ. ನಾನು ಎರಡು ಸಲ ನೋಡಿದ್ದೀನಿ."

"ನೀವು ನೋಡಿದ್ದೀರಿ. ನಾನು ಕೇಳಿದೆ. ಸಾಹಿತ ಅಂತಿದೆ."

ಪಂಡಿತರು ಎದ್ದು ಬಂದು ನೋಡಿದರು. ಒತ್ತಿರಲಿಲ್ಲ. ಪಕ್ಕದ ಕುರ್ಚಿ ಎಳೆದುಕೊಂಡು, "ಇನ್ನೊಂದು ಸಲ ಮೊದಲಿಂದ ಓದಿಸಿ ನೋಡೋಣ," ಎಂದರು. ಅಷ್ಟರಲ್ಲಿ ಶಾನುಭೋಗ ಒಂದು ಹಳೆಗನ್ನಡ ಪದ್ಯಕ್ಕೆ ಬಂದು ಅದನ್ನು ರೈಲ್ವೆ ಸ್ಟೇಷನ್ನಿನ ಪ್ರಕಟಣೆಯಂತೆ ಓದಿಕೊಂಡು ಹೋದ. ಪಂಡಿತರಿಗೆ ತಡೆಯಲಾಗಲಿಲ್ಲ. "ನಿಲ್ಲಿಸ್ರೀ ಅವನನ್ನ!" ಎಂದವರೇ, ಮಾಸ್ಕು ಕೆಳಗಿಳಿಸಿ, ಆ ಪದ್ಯವನ್ನು ತಾವೇ ರಾಗವಾಗಿ ಹಾಡಿ ತೋರಿಸಿದರು. ಮಕ್ಕಳಿಲ್ಲದ ಕಾಲೇಜು. ಕಾರಿಡಾರಿನ ಆ ತುದಿಯವರೆಗೂ ಅವರ ದನಿ ಹೋಯಿತು. ಮೇಷ್ಟ್ರು ತಲೆ ಬಗ್ಗಿಸಿ ಕೇಳುತ್ತಾ ಕೂತಿದ್ದರು. ಮುಗಿದ ಮೇಲೆ, "ಇದನ್ನೂ ರೆಕಾರ್ಡ್ ಮಾಡಿ ಪೇಜಿಗೆ ಹಾಕಮ್ಮ," ಎಂದು ನನಗೆ ಹೇಳಿದರು. ಅವರ ಬಾಯಿಂದ ನಾನು ಕೇಳಿದ ಅತಿ ದೊಡ್ಡ ಹೊಗಳಿಕೆ ಅದು. ಪಂಡಿತರಿಗೂ ಅದು ಗೊತ್ತಾಯಿತು.

ಅಲ್ಲಿಂದ ಮುಂದೆ ಒಬ್ಬರು ನೋಡುವುದು, ಒಬ್ಬರು ಕೇಳುವುದು. ದಿನವಿಡೀ ಕಚ್ಚಾಟ. ಮಧ್ಯಾಹ್ನ ಒಂದೇ ಬುತ್ತಿಯ ಚಿತ್ರಾನ್ನ. ಇಡೀ ಪುಸ್ತಕದಷ್ಟಿದ್ದ ನೋಟ್ಸು ಆ ಬೇಸಿಗೆಗೆ ಮುಂಚೆಯೇ ಮುಗಿಯಿತು. ಟೈಪ್ ಮಾಡದ್ದನ್ನು ಪೇಜು ತೆಗೆದುಕೊಳ್ಳಬಾರದು ಎಂಬ ನಿಯಮವನ್ನು ಪ್ರಿನ್ಸಿಪಾಲರ ಮುಂದೆ ಇಟ್ಟವರು ಮೇಷ್ಟ್ರು. ಅದಕ್ಕೆ ಗಟ್ಟಿಯಾಗಿ ‘ಹೌದು’ ಎಂದವರಲ್ಲಿ ಪಂಡಿತರೇ ಮೊದಲಿಗರು.

ಭಾಗ್ಯಳ ವಿಷಯದಲ್ಲಿ ತಪ್ಪು ಪೇಜಿನದು ಎಂದು ಪ್ರಿನ್ಸಿಪಾಲರು ಒಪ್ಪಿ, ಇಂಟರ್ನಲ್ ಉತ್ತರಗಳನ್ನು ತಡವಾಗಿ ಕೊಡಲು ಅವಕಾಶ ಮಾಡಿದರು. ಪರೀಕ್ಷೆಗೆ ಕೂತಳು, ಪಾಸಾದಳು. ಕಾಲೇಜು ತೆರೆದಾಗ ಅತ್ತೆಯ ಕೈ ಹಿಡಿದು ಮೇಟಗಳ್ಳಿಯಿಂದ ಬಂದಳು. ಕೆಲವು ವಾರದ ಮೇಲೆ ಒಬ್ಬಳೇ ಬಸ್ಸು ಬದಲಾಯಿಸಿಕೊಂಡು ಬರತೊಡಗಿದಳು. ಮೇಷ್ಟ್ರ ಪಕ್ಕದ ಕಂಪ್ಯೂಟರಿಗೂ ಶಾನುಭೋಗನನ್ನು ಹಾಕಿಕೊಟ್ಟೆ. ಒಂದು ದಿನ ಅವಳು ಕಿವಿಯ ಹೆಡ್‌ಫೋನು ಕಿತ್ತು, ಪಕ್ಕಕ್ಕೆ ತಿರುಗಿ ಹೇಳಿದಳು:

"ಸಾರ್, ಎಲ್ಲಾರ್ದೂ ಸರ್ಯಾಗದೆ. ನಿಮ್ ನೋಟ್ಸೇ ಸರಿ ಇಲ್ಲ."

ಲ್ಯಾಬಿನಲ್ಲಿದ್ದ ಹುಡುಗರೆಲ್ಲ ತಿರುಗಿ ನೋಡಿದರು.

"ಏನಾಗಿದೆ ನನ್ನ ನೋಟ್ಸಿಗೆ?"

"ತಲೆಬರಹಾನೇ ಗುರ್ತು ಮಾಡಿಲ್ಲ ನೀವು. ಮೈಸೂರು ಅರಸರು ಬೇಕು ಅಂದ್ರೆ ಹೊಯ್ಸಳರಿಂದ ಕೇಳ್ಕಂಡು ಬರ್ಬೇಕು. ಒಂದೇ ಸಮ್ನೆ ಉದ್ದುಕ್ಕೆ ಎಳ್ದಿದೀರ. ಯಾರ್ಗದೆ ಅಷ್ಟ್ ಪುರ್ಸೊತ್ತು?"

ಮೇಷ್ಟ್ರ ಮುಖ ಬಿಗಿಯಿತು. ರೇಗಿ ಏನೋ ಹೇಳಲು ಬಾಯಿ ತೆರೆದರು. ಹಾಗೇ ಮುಚ್ಚಿದರು. ಆಮೇಲೆ ನಿಧಾನಕ್ಕೆ ಅವರ ಮುಖದ ತುಂಬ ಹರಡಿದ ನಗುವನ್ನು ನಾನು ಬಣ್ಣಿಸಲಾರೆ. ಒಂದು ವಾರ ಕಾಲೇಜಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ, "ನನ್ನ ನೋಟ್ಸೇ ಸರಿ ಇಲ್ಲವಂತೆ ಕಣ್ರೀ!" ಎಂದು ಹೇಳಿಕೊಂಡು ಓಡಾಡಿದರು. ತಲೆಬರಹಗಳನ್ನೂ ಗುರುತು ಮಾಡಿದರು. ಭಾಗ್ಯ ಈಗ ಮಂಡ್ಯದ ಒಂದು ಬ್ಯಾಂಕಿನಲ್ಲಿದ್ದಾಳೆ. ಅಲ್ಲಿನ ತಂತ್ರಾಂಶ ಸರಿಯಿಲ್ಲ ಎಂದು ದೊಡ್ಡ ಆಫೀಸಿನವರ ಜೊತೆ ಜಗಳ ಹೂಡಿದ್ದಾಳೆ, ಆಗಾಗ ಫೋನ್ ಮಾಡಿ ನನ್ನಿಂದ ಸಲಹೆ ಕೇಳುತ್ತಾಳೆ.

ಮೇಷ್ಟ್ರ ಬೀಳ್ಕೊಡುಗೆಯ ದಿನ ಹೊರಗಿನಿಂದ ಬಂದ ಅತಿಥಿಯೊಬ್ಬರು ‘ಅಂಧತ್ವವನ್ನು ಮೆಟ್ಟಿ ನಿಂತವರು’ ಎಂದು ಭಾಷಣ ಮಾಡಿದರು. ಮೇಷ್ಟ್ರು ಉತ್ತರ ಹೇಳಲು ಎದ್ದು, "ಮೆಟ್ಟಿದ್ದು ಅಂದ್ರೆ ಲ್ಯಾಬಿನ ಬಾಗಿಲಲ್ಲಿ ಯಾರೋ ಇಟ್ಟಿದ್ದ ಬಕೀಟು ಒಂದೇ," ಎಂದರು. ಉಳಿದದ್ದು ನಮ್ಮ ಚಪ್ಪಾಳೆಯಲ್ಲಿ ಕೇಳಲಿಲ್ಲ.

ಕೊನೆಯ ಸಲ ಅವರನ್ನು ನೋಡಿದ್ದು ಕಳೆದ ವರ್ಷ ಆಷಾಢದಲ್ಲಿ, ರಾಮಕೃಷ್ಣನಗರದ ಅವರ ಮನೆಯಲ್ಲಿ. ಹೃದಯದ ತೊಂದರೆಯಿಂದ ಆಸ್ಪತ್ರೆಯಲ್ಲಿದ್ದು ವಾಪಸ್ ಬಂದಿದ್ದರು. ಮಂಚಕ್ಕೆ ಒರಗಿ ಕೂತಿದ್ದರು. ಅಂಗಿ ಕಾಲರಿಗೆ ಆವತ್ತೂ ಇಸ್ತ್ರಿ. ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪು, ಅದರ ಮೇಲೆ ಮಡಿಸಿಟ್ಟ ಅವತ್ತಿನ ಪೇಪರು. ಕಾಲೇಜಿನ ಸುದ್ದಿಯೆಲ್ಲ ಕೇಳಿದರು. ಪಂಡಿತರು ಭಾನುವಾರ ಬಂದು ಜಗಳವಾಡಿ ಹೋದದ್ದನ್ನು ಹೇಳಿದರು. ಮಾತಿಗೆ ಉಸಿರು ಸಾಲುತ್ತಿರಲಿಲ್ಲ.

"ಆ ಪೇಪರ್ ತಗೊಂಡು ಓದು," ಎಂದರು.

ನನಗೆ ಆಶ್ಚರ್ಯವಾಯಿತು. ಹೆಂಡತಿಯ ಕೈಲೂ ಅವರು ಪೇಪರ್ ಓದಿಸಿದವರಲ್ಲ. "ಶಾನುಭೋಗ ಇದ್ದಾನಲ್ಲ ಸರ್?"

"ಇದ್ದಾನೆ. ಅವನದ್ದು ಬೆಳಿಗ್ಗೇನೇ ಆಯ್ತು." ಕಣ್ಣು ಮುಚ್ಚಿಕೊಂಡರು. "ನೀನು ಓದು."

ನಗರದ ಪುಟ ತೆಗೆದು, ಅವತ್ತಿನ ಕಾರ್ಯಕ್ರಮಗಳಿಂದ ಶುರು ಮಾಡಿದೆ. ಒಂದು ಪುಸ್ತಕ ಬಿಡುಗಡೆ. "ಯಾರೂ ಹೋಗಲ್ಲ," ಎಂದರು. ಕುವೆಂಪುನಗರದಲ್ಲಿ ಸುಗಮ ಸಂಗೀತ. "ಮೈಕು ಕಿರುಗುಡತ್ತೆ ಅಲ್ಲಿ." ಒಂದು ಉಚಿತ ಕಣ್ಣಿನ ತಪಾಸಣಾ ಶಿಬಿರ. ಅದಕ್ಕೆ ತುಟಿಯಲ್ಲೇ ನಕ್ಕರು. ಆಮೇಲೆ ಕುಡಿಯುವ ನೀರಿನ ಸುದ್ದಿ, ಕನ್ನಂಬಾಡಿ ಕಟ್ಟೆಗೆ ನೀರು ಬರುತ್ತಿರುವ ಸುದ್ದಿ. ಓದುತ್ತಾ ಓದುತ್ತಾ ಅವರ ಟೀಕೆಗಳು ನಿಂತವು. ತಲೆಯೆತ್ತಿ ನೋಡಿದೆ. ನಿದ್ದೆ ಹೋಗಿದ್ದರು.

ನಾನೂ ನಿಲ್ಲಿಸಿದೆ. ಕಾಫಿ ಹಿಡಿದು ಬಾಗಿಲಲ್ಲಿ ಬಂದು ನಿಂತಿದ್ದ ಅವರ ಹೆಂಡತಿ, ಲೋಟವನ್ನು ಸದ್ದಾಗದಂತೆ ಕೆಳಗಿಟ್ಟು, ನನ್ನ ಕಿವಿಯ ಹತ್ತಿರ ಬಗ್ಗಿದರು.

"ನಿಲ್ಲಿಸಬೇಡಿ ಕಣಮ್ಮ. ನಿಲ್ಲಿಸಿದ್ರೆ ಎದ್ದುಬಿಡ್ತಾರೆ."

ಸುದ್ದಿಗಳೆಲ್ಲ ಮುಗಿದಿದ್ದವು. ನಾನು ಪುಟ ತಿರುಗಿಸಿ, ಬಾಡಿಗೆಗೆ ಇರುವ ಮನೆಗಳ ಜಾಹೀರಾತುಗಳನ್ನು ಒಂದೊಂದಾಗಿ ಓದತೊಡಗಿದೆ.